ಕಡತ ತೆರೆದವರು, ಸಾವು ಎಣಿಸಿದವರು

ಮಂಗಳೂರು, ಉಡುಪಿ ಕಡೆಯಿಂದ ವೃದ್ಧರ ಆರೈಕೆಯ ಕೆಲಸಕ್ಕೆಂದು ಇಸ್ರೇಲಿಗೆ ಹೋಗುವವರು ವಿಮಾನದಿಂದ ಇಳಿಯುವುದು ಟೆಲ್ ಅವೀವ್ ಬಳಿಯ ಬೆನ್ ಗುರಿಯನ್ ನಿಲ್ದಾಣದಲ್ಲಿ. ನಿಲ್ದಾಣದ ಪಕ್ಕದ ಊರು ಲೋದ್. 1948ರ ಜುಲೈವರೆಗೆ ಅದು ಲಿದ್ದಾ ಎಂಬ ಅರಬ್ ಪಟ್ಟಣವಾಗಿತ್ತು. ಆ ತಿಂಗಳ 12 ಮತ್ತು 13ರಂದು ಲಿದ್ದಾ ಮತ್ತು ನೆರೆಯ ರಾಮ್ಲೆಯಿಂದ ಸುಮಾರು 50 ಸಾವಿರ ಜನರನ್ನು ಇಸ್ರೇಲಿ ಸೇನೆ ಹೊರಹಾಕಿತು. ಲಿದ್ದಾದವರು ಸುಡುಬಿಸಿಲಲ್ಲಿ ಮಕ್ಕಳು ಮರಿಗಳೊಂದಿಗೆ ಪೂರ್ವದ ಗುಡ್ಡಗಳತ್ತ ನಡೆದರು. ನೀರಿಲ್ಲದೆ, ಬಳಲಿ ದಾರಿಯಲ್ಲೇ ಸತ್ತವರಿದ್ದಾರೆ.

ಆ ಕಾರ್ಯಾಚರಣೆಯಲ್ಲಿದ್ದ ಅಧಿಕಾರಿಗಳಲ್ಲಿ 26 ವರ್ಷದ ಯಿತ್ಝಾಕ್ ರಬಿನ್ ಒಬ್ಬರು. ಮುಂದೆ ದೇಶದ ಪ್ರಧಾನಿಯಾದ ಅವರು 1979ರಲ್ಲಿ ಆತ್ಮಕಥೆ ಬರೆದರು. ಊರಿನ ಜನರನ್ನು ಏನು ಮಾಡಬೇಕೆಂದು ದಂಡನಾಯಕ ಯಿಗಾಲ್ ಅಲ್ಲೊನ್ ಕೇಳಿದಾಗ ಪ್ರಧಾನಿ ಬೆನ್ ಗುರಿಯನ್ ಕೈಬೀಸಿ ಓಡಿಸುವಂತೆ ಸನ್ನೆ ಮಾಡಿದರೆಂದು ಅದರಲ್ಲಿ ದಾಖಲಿಸಿದ್ದರು. ಮಂತ್ರಿಗಳ ಸಮಿತಿ ಆ ಭಾಗಕ್ಕೆ ಕತ್ತರಿ ಹಾಕಿತು. ಇಂಗ್ಲಿಷ್ ಅನುವಾದಕರು ಅದನ್ನು ‘ನ್ಯೂಯಾರ್ಕ್ ಟೈಮ್ಸ್’ಗೆ ತಲುಪಿಸಿದ್ದರಿಂದ ಅದೇ ಅಕ್ಟೋಬರಿನಲ್ಲಿ ಲೋಕಕ್ಕೆಲ್ಲ ತಿಳಿಯಿತು. ಕೆಲವು ವರ್ಷಗಳ ನಂತರ ಇತಿಹಾಸಕಾರ ಬೆನ್ನಿ ಮೋರಿಸ್, ಲಿದ್ದಾದವರನ್ನು ಹೊರಹಾಕಲು ರಬಿನ್ ಸಹಿಯೊಂದಿಗೆ ಹೊರಟಿದ್ದ ಲಿಖಿತ ಆದೇಶವನ್ನೇ ಕಡತಗಳಿಂದ ಹೊರತೆಗೆದರು.

‘ಎರಡು ಕಡೆಯವರಿಗೂ ಅವರವರ ಕಥೆಯಿದೆ, ನಿಜ ಯಾವುದೋ ಯಾರಿಗೆ ಗೊತ್ತು’ ಎಂಬ ಮಾತು ಇಸ್ರೇಲ್–ಪ್ಯಾಲೆಸ್ಟೀನ್ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಸಮತೂಕದ ಮಾತಿನಂತೆ ಕಂಡರೂ ಅದು ತಪ್ಪು. ಇತಿಹಾಸಕಾರರು, ಮನಃಶಾಸ್ತ್ರಜ್ಞರು, ಸಂಖ್ಯಾಶಾಸ್ತ್ರಜ್ಞರು ಹಲವು ದಶಕಗಳಿಂದ ಈ ಸಂಘರ್ಷವನ್ನು ಅಧ್ಯಯನ ಮಾಡಿದ್ದಾರೆ. ಯಾವ ಹಳ್ಳಿ ಯಾವ ವಾರ ಖಾಲಿಯಾಯಿತು, ಆಗ ಅಲ್ಲಿ ಯಾವ ಪಡೆ ಇತ್ತು, ಎಷ್ಟು ಜನ ಸತ್ತರು ಎಂಬ ಎಷ್ಟೋ ಪ್ರಶ್ನೆಗಳಿಗೆ ಈಗ ಸಾಕ್ಷ್ಯಸಹಿತ ಉತ್ತರವಿದೆ. ಆ ಸಾಕ್ಷ್ಯವನ್ನು ತಮ್ಮದೇ ಜನರ ಮುಂದೆ ಇಟ್ಟವರು ಅದಕ್ಕಾಗಿ ಕಷ್ಟಪಟ್ಟಿದ್ದಾರೆ. ಅವರ ಕೆಲಸ ಏನೆಂದು ತಿಳಿದರೆ ದಿನಪತ್ರಿಕೆಯ ಸುದ್ದಿಯನ್ನು ನಾವು ಓದುವ ಬಗೆಯೇ ಬೇರೆಯಾದೀತು.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಬಹುದು. ನಾಲ್ಕು ಶತಮಾನ ಒಟ್ಟೋಮನ್ ಆಳ್ವಿಕೆಯಲ್ಲಿದ್ದ ಪ್ಯಾಲೆಸ್ಟೀನ್ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ವಶವಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರಿದ್ದರು. ಆ ಪಡೆಯ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಹೈಫಾ ಗೆಲ್ಲುವ ಹಿಂದಿನ ವರ್ಷವೇ ಬ್ರಿಟನ್ ಬಾಲ್ಫರ್ ಘೋಷಣೆ ಹೊರಡಿಸಿ, ಯಹೂದಿಗಳಿಗೆ ಅಲ್ಲೊಂದು ರಾಷ್ಟ್ರೀಯ ನೆಲೆ ಕಲ್ಪಿಸುವುದಕ್ಕೆ ತನ್ನ ಬೆಂಬಲವನ್ನು ಸಾರಿತ್ತು. ನಾಝಿಗಳು 60 ಲಕ್ಷ ಯಹೂದಿಗಳನ್ನು ಕೊಂದ ಮೇಲೆ, 1947ರಲ್ಲಿ ವಿಶ್ವಸಂಸ್ಥೆ 11 ದೇಶಗಳ ಸಮಿತಿಯೊಂದನ್ನು ನೇಮಿಸಿತು. ಅದರಲ್ಲಿದ್ದ ಭಾರತದ ಪ್ರತಿನಿಧಿ ಸರ್ ಅಬ್ದುರ್ ರಹಮಾನ್ ವಿಭಜನೆಯನ್ನು ವಿರೋಧಿಸಿದರು. ಭಾರತ, ಇರಾನ್, ಯುಗೊಸ್ಲಾವಿಯಾ ಸೇರಿ ಒಕ್ಕೂಟ ರಾಜ್ಯದ ಸಲಹೆ ಮುಂದಿಟ್ಟವು. ಅದು ನಡೆಯಲಿಲ್ಲ. ನವೆಂಬರ್ 29ರಂದು 33ಕ್ಕೆ 13 ಮತಗಳಿಂದ ವಿಭಜನೆಯ ನಿರ್ಣಯ ಅಂಗೀಕಾರವಾಯಿತು. ಭಾರತ ವಿರುದ್ಧ ಮತ ಹಾಕಿತು. 1948ರ ಮೇ 14ರಂದು ಇಸ್ರೇಲ್ ಹುಟ್ಟಿತು, ಮರುದಿನ ನೆರೆಯ ಅರಬ್ ದೇಶಗಳ ಸೇನೆಗಳು ಒಳನುಗ್ಗಿದವು. ಯುದ್ಧ ಮುಗಿದಾಗ ಇಸ್ರೇಲ್ ತನ್ನ ನೂರು ಮಂದಿಯಲ್ಲಿ ಒಬ್ಬರಂತೆ ಸುಮಾರು 6 ಸಾವಿರ ಜನರನ್ನು ಕಳೆದುಕೊಂಡಿತ್ತು. ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡು ನಿರಾಶ್ರಿತರಾಗಿದ್ದರು.

ಆ 7 ಲಕ್ಷ ಜನ ಏಕೆ ಹೋದರು? ಈ ಸಂಘರ್ಷದ ಅಧ್ಯಯನದಲ್ಲಿ ಇಷ್ಟು ಶ್ರಮ ಬೇಡಿದ ಪ್ರಶ್ನೆ ಬೇರೊಂದಿಲ್ಲ.

ಇಸ್ರೇಲಿನ ಅಧಿಕೃತ ಉತ್ತರ ದೀರ್ಘಕಾಲ ಒಂದೇ ಆಗಿತ್ತು: ಅರಬ್ ನಾಯಕರೇ ರೇಡಿಯೊದಲ್ಲಿ ಜನರಿಗೆ ಊರು ಬಿಡಲು ಹೇಳಿದರು, ಸೇನೆಗಳು ಗೆದ್ದ ಮೇಲೆ ಮರಳಬಹುದೆಂದು ನಂಬಿಸಿದರು. ಜೆರುಸಲೆಮ್ಮಿನಲ್ಲಿ ಹುಟ್ಟಿದ ಪ್ಯಾಲೆಸ್ಟೀನಿ ವಿದ್ವಾಂಸ ವಾಲಿದ್ ಖಾಲಿದಿ 1959ರಲ್ಲೇ ಇದನ್ನು ಪ್ರಶ್ನಿಸಿ ಲೇಖನ ಬರೆದರು. ರೇಡಿಯೊ ಆದೇಶ ಇದ್ದದ್ದೇ ಆದರೆ ಅದರ ದಾಖಲೆಯೂ ಇರಬೇಕಲ್ಲ? 1948ರಲ್ಲಿ ಮಧ್ಯಪ್ರಾಚ್ಯದ ರೇಡಿಯೊ ಪ್ರಸಾರಗಳನ್ನು ಬಿಬಿಸಿ ದಿನವೂ ಆಲಿಸಿ ಬರೆದಿಡುತ್ತಿತ್ತು. ಐರಿಷ್ ಪತ್ರಕರ್ತ ಅರ್ಸ್ಕಿನ್ ಚೈಲ್ಡರ್ಸ್ ಆ ದಾಖಲೆಗಳನ್ನು ಪರಿಶೀಲಿಸಿ 1961ರಲ್ಲಿ ಲಂಡನ್ನಿನ ‘ಸ್ಪೆಕ್ಟೇಟರ್’ ವಾರಪತ್ರಿಕೆಯಲ್ಲಿ ತಾವು ಕಂಡದ್ದನ್ನು ಬರೆದರು. ಊರು ಬಿಡಿ ಎಂಬ ಒಂದೇ ಒಂದು ಪ್ರಸಾರವೂ ಅಲ್ಲಿರಲಿಲ್ಲ. ಇದ್ದಲ್ಲೇ ಇರಿ ಎಂಬ ಮನವಿಗಳಿದ್ದವು.

ಆದರೂ ವಾದ ನಿಲ್ಲಲಿಲ್ಲ. ಹೊರದಬ್ಬಿದ ಪಡೆಗಳ ಕಾಗದಪತ್ರಗಳು ಇಸ್ರೇಲಿನ ಪತ್ರಾಗಾರಗಳಲ್ಲೇ ಇದ್ದವು, ಮುಚ್ಚಿದ್ದವು. 1955ರ ಪತ್ರಾಗಾರ ಕಾನೂನಿನ ಅಡಿಯಲ್ಲಿ ಸರ್ಕಾರಿ ಕಡತಗಳನ್ನು ಸಾಮಾನ್ಯವಾಗಿ 30 ವರ್ಷಗಳ ನಂತರ, ಸೇನೆಯ ಕಡತಗಳನ್ನು 50 ವರ್ಷಗಳ ನಂತರ ತೆರೆಯಲಾಗುತ್ತದೆ. ಹೀಗಾಗಿ 1970ರ ದಶಕದ ಕೊನೆಗೆ 1948ರ ಕಾಗದಗಳು ಒಂದೊಂದಾಗಿ ಓದುಗರ ಮೇಜಿಗೆ ಬರತೊಡಗಿದವು. ಅವನ್ನು ಓದಲು ಕುಳಿತವರಲ್ಲಿ ಹೆಚ್ಚಿನವರು ಹೊಸ ರಾಷ್ಟ್ರದ ಜೊತೆಗೇ ಬೆಳೆದ ಇಸ್ರೇಲಿಗಳು. ಬೆನ್ನಿ ಮೋರಿಸ್ ಹುಟ್ಟಿದ್ದು 1948ರಲ್ಲಿ, ಒಂದು ಕಿಬ್ಬುಟ್ಸ್‌ನಲ್ಲಿ, ಅಂದರೆ ಸಾಮೂಹಿಕ ಒಡೆತನದ ಕೃಷಿ ಗ್ರಾಮದಲ್ಲಿ. ಅವರೊಂದಿಗೆ ಅವಿ ಶ್ಲೈಮ್, ಇಲಾನ್ ಪಪ್ಪೆ, ಸಿಮ್ಹಾ ಫ್ಲಾಪಾನ್ ಅವರ ಪುಸ್ತಕಗಳು 1987–88ರಲ್ಲಿ ಒಂದರ ಹಿಂದೊಂದು ಬಂದವು. ಈ ಗುಂಪಿಗೆ ‘ಹೊಸ ಇತಿಹಾಸಕಾರರು’ ಎಂಬ ಹೆಸರು ಬಿತ್ತು. ಅದೇ 1988ರಲ್ಲಿ ಮೋರಿಸ್, ಇಸ್ರೇಲಿನ ವಶದಲ್ಲಿದ್ದ ಪಶ್ಚಿಮ ದಂಡೆಯ ನಬ್ಲುಸ್‌ನಲ್ಲಿ ಮೀಸಲು ಸೈನಿಕನಾಗಿ ದುಡಿಯಲು ಒಪ್ಪದೆ ಸೆರೆಮನೆಗೂ ಹೋಗಿ ಬಂದರು.

ಮೋರಿಸ್ ಕಂಡ ಕಾಗದಗಳಲ್ಲಿ ಒಂದು ವಿಶೇಷವಾದದ್ದು. 1948ರ ಜೂನ್ ಅಂತ್ಯದಲ್ಲಿ ಇಸ್ರೇಲಿ ಸೇನೆಯ ಗುಪ್ತಚರ ವಿಭಾಗವೇ ತನ್ನ ಬಳಕೆಗೆಂದು ತಯಾರಿಸಿದ ವರದಿ ಅದು. ಹಿಂದಿನ ಡಿಸೆಂಬರಿನಿಂದ ಜೂನ್ 1ರವರೆಗೆ ಅರಬರು ಏಕೆ ಊರು ಬಿಟ್ಟರೆಂದು ಅದು ಪ್ರದೇಶವಾರು ವಿಶ್ಲೇಷಿಸಿತ್ತು. ಯಹೂದಿ ಪಡೆಗಳ ಕಾರ್ಯಾಚರಣೆಗಳಿಂದ ಹೋದವರು ಶೇ. 70ರಷ್ಟು, ಅರಬ್ ಸಂಸ್ಥೆಗಳ ಆದೇಶದಿಂದ ಹೋದವರು ಸುಮಾರು ಶೇ. 5. ಶತ್ರುವಿನ ಪ್ರಚಾರವೆಂದು ತಳ್ಳಿಹಾಕಲು ಬಾರದ ಕಾಗದವಿದು. ಗೆದ್ದ ಕಡೆಯ ಅಧಿಕಾರಿ ತನ್ನ ಮೇಲಧಿಕಾರಿಗೆ ಸಲ್ಲಿಸಿದ ಲೆಕ್ಕ. ಮೋರಿಸ್ ಇದನ್ನು 1986ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳ ಬಳಿಕ ಬಂದ ಅವರ ಪುಸ್ತಕದಲ್ಲಿ ಹಳ್ಳಿ ಹಳ್ಳಿಗೂ ಖಾಲಿಯಾದ ದಿನ, ಕಾರಣಗಳ ಪಟ್ಟಿ ಇತ್ತು: ಇಲ್ಲಿ ದಾಳಿ, ಅಲ್ಲಿ ದಾಳಿಯ ಭಯ, ಇನ್ನೊಂದೆಡೆ ನೇರ ಹೊರದಬ್ಬುವಿಕೆ, ಕೆಲವು ಕಡೆ ಊರ ಮುಖಂಡರ ತೀರ್ಮಾನ.

ಇಲ್ಲಿಂದ ಮುಂದೆ ವಿದ್ವಾಂಸರು ಬೇರೆಬೇರೆ ದಾರಿ ಹಿಡಿದರು. ಇದೆಲ್ಲ ಯುದ್ಧದ ಪರಿಣಾಮ, ಮೊದಲೇ ರೂಪಿಸಿದ ಯೋಜನೆಯಲ್ಲ ಎಂಬುದು ಮೋರಿಸ್ ತೀರ್ಮಾನ. ಪ್ಯಾಲೆಸ್ಟೀನಿ ಇತಿಹಾಸಕಾರ ನೂರ್ ಮಸಾಲ್ಹಾ ಇದನ್ನು ಒಪ್ಪದೆ, ಅರಬರನ್ನು ಸ್ಥಳಾಂತರಿಸುವ ಚಿಂತನೆ ಯಹೂದಿ ನಾಯಕರಲ್ಲಿ ದಶಕಗಳಿಂದ ಇತ್ತೆಂದು 1992ರಲ್ಲಿ ದಾಖಲೆಗಳೊಂದಿಗೆ ವಾದಿಸಿದರು. ಪಪ್ಪೆ 2006ರ ಪುಸ್ತಕದಲ್ಲಿ ಇದನ್ನು ಜನಾಂಗೀಯ ನಿರ್ಮೂಲನೆ ಎಂದೇ ಕರೆದರು. ಹೊಸ ಇತಿಹಾಸಕಾರರು ದಾಖಲೆಗಳನ್ನು ತಿರುಚಿದ್ದಾರೆಂದು ಇಫ್ರೈಮ್ ಕಾರ್ಷ್ 1997ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮೋರಿಸ್ ಸ್ವತಃ ಬದಲಾದರು. 2004ರಲ್ಲಿ ‘ಹಾರೆಟ್ಝ್’ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ಅಂದಿನ ಹೊರದಬ್ಬುವಿಕೆ ಅನಿವಾರ್ಯವಾಗಿತ್ತು, ಅದನ್ನು ಪೂರ್ತಿ ಮುಗಿಸದಿದ್ದದ್ದೇ ಬೆನ್ ಗುರಿಯನ್ ಮಾಡಿದ ತಪ್ಪು ಎಂಬ ಅರ್ಥದ ಮಾತಾಡಿ ಓದುಗರನ್ನು ಬೆಚ್ಚಿಬೀಳಿಸಿದರು. ಆ ಮಾತು ನ್ಯಾಯಪ್ರಜ್ಞೆ ಇರುವ ಯಾರನ್ನೂ ನೋಯಿಸುವಂಥದ್ದು. ಹೀಗಿದ್ದೂ ಅದೇ ವರ್ಷ ಬಂದ ಅವರ ಪುಸ್ತಕದ ಪರಿಷ್ಕೃತ ಆವೃತ್ತಿಯಲ್ಲಿ ಹೊರದಬ್ಬುವಿಕೆಯ ಸಾಕ್ಷ್ಯ ಮೊದಲಿಗಿಂತ ಹೆಚ್ಚಾಗಿತ್ತು, ಕಡಿಮೆಯಾಗಿರಲಿಲ್ಲ. ಮೋರಿಸ್ ಮತ್ತು ಪಪ್ಪೆ ಒಬ್ಬರಿಗೊಬ್ಬರು ಬದ್ಧ ವಿರೋಧಿಗಳು. ಲಿದ್ದಾದಲ್ಲಿ ಏನಾಯಿತೆಂಬ ಬಗ್ಗೆ ಮಾತ್ರ ಅವರಲ್ಲಿ ಜಗಳವಿಲ್ಲ.

ಇದೇ ಬಗೆಯ ಓದು ಯಹೂದಿಗಳ ಗಾಯಗಳಿಗೂ ಸಲ್ಲಬೇಕು, ಸಂದಿದೆ. 1929ರ ಆಗಸ್ಟಿನಲ್ಲಿ ಹೆಬ್ರಾನ್ ನಗರದಲ್ಲಿ 67 ಯಹೂದಿಗಳನ್ನು ಅವರ ಅರಬ್ ನೆರೆಹೊರೆಯವರು, ಸುತ್ತಲ ಹಳ್ಳಿಯವರು ಕೊಂದರು. ಆ ವಾರದ ಗಲಭೆಯಲ್ಲಿ ಒಟ್ಟು 133 ಯಹೂದಿಗಳು, 116 ಅರಬರು ಸತ್ತರು. ಹೀಬ್ರೂ ವಿಶ್ವವಿದ್ಯಾಲಯದ ಹಿಲೆಲ್ ಕೊಹೆನ್ ಹೀಬ್ರೂ ಮತ್ತು ಅರಬ್ಬಿ ಎರಡೂ ಭಾಷೆಗಳ ಮೂಲಗಳನ್ನು ಓದಿ ಆ ದಿನಗಳನ್ನು ಪುನಾರಚಿಸಿದ್ದಾರೆ. ಕೊಂದವರ ಜೊತೆಗೆ, ಯಹೂದಿಗಳನ್ನು ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದ ಅರಬ್ ಕುಟುಂಬಗಳೂ ಅವರ ಬರಹದಲ್ಲಿವೆ. ಯಹೂದಿ ದಾಳಿಕೋರರಿಂದ ಸತ್ತ ಅರಬರೂ ಇದ್ದಾರೆ. ಪ್ರತಿ ಸಾವನ್ನೂ ಒಂದೇ ಅಳತೆಯಲ್ಲಿ ಪರಿಶೀಲಿಸುವ ಈ ಕ್ರಮ ಎರಡೂ ಕಡೆಯ ಕೆಲವರಿಗೆ ಹಿಡಿಸಲಿಲ್ಲ.

ಆದರೆ ಇತಿಹಾಸ ಬರೆಯುವ ಸಾಮಗ್ರಿ ಎರಡೂ ಕಡೆಗೆ ಸಮನಾಗಿ ದಕ್ಕಿಲ್ಲ. ಇಸ್ರೇಲಿಗೆ ರಾಷ್ಟ್ರೀಯ ಪತ್ರಾಗಾರವಿದೆ, ಸೇನಾ ಪತ್ರಾಗಾರವಿದೆ, ಪಕ್ಷಗಳ ಮತ್ತು ಕಿಬ್ಬುಟ್ಸ್‌ಗಳ ಸಂಗ್ರಹಗಳಿವೆ. ರಾಜ್ಯವೇ ಇಲ್ಲದ ಪ್ಯಾಲೆಸ್ಟೀನಿಯರ ಕಾಗದಗಳು ಜನರ ಜೊತೆಗೇ ಚೆದುರಿಹೋದವು. 1948ರಲ್ಲಿ ಪಶ್ಚಿಮ ಜೆರುಸಲೆಮ್ಮಿನ ಅರಬ್ ಮನೆಗಳಿಂದ ಸುಮಾರು 30 ಸಾವಿರ ಪುಸ್ತಕಗಳನ್ನು ಸಂಗ್ರಹಿಸಿ ರಾಷ್ಟ್ರೀಯ ಗ್ರಂಥಾಲಯಕ್ಕೆ ತರಲಾಯಿತು. ಅವುಗಳಲ್ಲಿ ಸಾವಿರಾರು ಪುಸ್ತಕಗಳಿಗೆ ‘ತ್ಯಜಿಸಿದ ಆಸ್ತಿ’ ಎಂಬ ಗುರುತಿನ ಚೀಟಿ ಈಗಲೂ ಇದೆ. ಈ ಸಂಗತಿಯನ್ನು ಪಿಎಚ್‌.ಡಿ. ಸಂಶೋಧನೆಯ ಮೂಲಕ ಬೆಳಕಿಗೆ ತಂದವರು ಗಿಶ್ ಅಮಿತ್ ಎಂಬ ಇಸ್ರೇಲಿ ವಿದ್ವಾಂಸರೇ. ಬೈರೂತಿನಲ್ಲಿ 1965ರಲ್ಲಿ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ ಕಟ್ಟಿದ ಸಂಶೋಧನಾ ಕೇಂದ್ರದಲ್ಲಿ ಸುಮಾರು 25 ಸಾವಿರ ಸಂಪುಟಗಳಿದ್ದವು. 1982ರ ಸೆಪ್ಟೆಂಬರಿನಲ್ಲಿ ಇಸ್ರೇಲಿ ಸೇನೆ ನಗರ ಹೊಕ್ಕಾಗ ಅದನ್ನೆಲ್ಲ ಲಾರಿಗಳಲ್ಲಿ ತುಂಬಿಕೊಂಡು ಹೋಯಿತು. ಮರುವರ್ಷ ಫೆಬ್ರುವರಿಯಲ್ಲಿ ಕೇಂದ್ರದ ಎದುರು ಸಿಡಿದ ಕಾರ್ ಬಾಂಬಿಗೆ ಅಲ್ಲಿನ ಸಿಬ್ಬಂದಿಯಲ್ಲಿ ಹಲವರು ಬಲಿಯಾದರು. ಸಂಗ್ರಹ ಮರಳಿ ಸಿಕ್ಕಿದ್ದು ನವೆಂಬರಿನಲ್ಲಿ, ಯುದ್ಧಕೈದಿಗಳ ವಿನಿಮಯದ ಭಾಗವಾಗಿ.

ಕಾಗದ ಉಳಿಯದ ಕಡೆ ವಿದ್ವಾಂಸರು ಜನರ ನೆನಪಿನ ಮೊರೆ ಹೋದರು. ರೋಸ್ಮೆರಿ ಸಾಯಿಗ್ 1970ರ ದಶಕದಲ್ಲಿ ಲೆಬನಾನಿನ ನಿರಾಶ್ರಿತ ಶಿಬಿರಗಳಲ್ಲಿ ಹಳ್ಳಿಗರ ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. ವಾಲಿದ್ ಖಾಲಿದಿಯವರ ಸಂಪಾದಕತ್ವದಲ್ಲಿ 1992ರಲ್ಲಿ ಬಂದ ಬೃಹತ್ ಗ್ರಂಥ, ಖಾಲಿಯಾದ 418 ಹಳ್ಳಿಗಳನ್ನು ಒಂದೊಂದಾಗಿ ದಾಖಲಿಸಿತು: ಹೊಲ, ಶಾಲೆ, ಮನೆಗಳ ಸಂಖ್ಯೆ, ಇಂದು ಅಲ್ಲಿ ಉಳಿದಿರುವ ಗೋಡೆ.

ನೆನಪನ್ನು ನಂಬಬಹುದೇ ಎಂಬ ಸಂಶಯಕ್ಕೆ ಪಶ್ಚಿಮ ದಂಡೆಯ ಬಿರ್‌ಝೈತ್ ವಿಶ್ವವಿದ್ಯಾಲಯದ ಕೆಲಸದಲ್ಲಿ ಉತ್ತರವಿದೆ. 1948ರ ಏಪ್ರಿಲ್ 9ರಂದು ಇರ್ಗುನ್ ಮತ್ತು ಲೆಹಿ ಎಂಬ ಯಹೂದಿ ಸಶಸ್ತ್ರ ಗುಂಪುಗಳು ಜೆರುಸಲೆಮ್ ಅಂಚಿನ ದೇರ್ ಯಾಸಿನ್ ಹಳ್ಳಿಯ ಮೇಲೆ ಬಿದ್ದು ಹೆಂಗಸರು ಮಕ್ಕಳೆನ್ನದೆ ಕೊಂದವು. ಸತ್ತವರು 254 ಎಂಬ ಲೆಕ್ಕ ದಾಳಿಕೋರರ ಕಡೆಯಿಂದಲೇ ಬಂತು. ಅರಬ್ ಪತ್ರಿಕೆಗಳೂ ಅದನ್ನೇ ಹರಡಿದವು, ದಶಕಗಳ ಕಾಲ ಅದೇ ಉಳಿಯಿತು. ಪ್ಯಾಲೆಸ್ಟೀನಿ ಮಾನವಶಾಸ್ತ್ರಜ್ಞ ಶರೀಫ್ ಕನಾನಾ ತಮ್ಮ ಸಹೋದ್ಯೋಗಿಯೊಂದಿಗೆ ಬದುಕುಳಿದವರನ್ನು ಹುಡುಕಿ, ಮನೆಮನೆಯ ಹೆಸರು ಬರೆದು ಲೆಕ್ಕ ಹಾಕಿದಾಗ 107 ಬಂತು. 1987ರಲ್ಲಿ ಅದನ್ನೇ ಪ್ರಕಟಿಸಿದರು. ತಮ್ಮ ಜನರ ಮೇಲಾದ ಹತ್ಯೆಯ ಸಂಖ್ಯೆಯನ್ನು ಅರ್ಧಕ್ಕಿಂತ ಕೆಳಗಿಳಿಸಿದ್ದು ಪ್ಯಾಲೆಸ್ಟೀನಿ ವಿಶ್ವವಿದ್ಯಾಲಯವೇ. ಆ 107 ಮಂದಿಯ ಸಾವು ಅದರಿಂದ ಹಗುರವಾಗಲಿಲ್ಲ, ಯಾರೂ ಅಲ್ಲಗಳೆಯಲಾಗದಷ್ಟು ಗಟ್ಟಿಯಾಯಿತು. ಅತ್ತ, ಘಟನೆಯ ಫೋಟೊಗಳು ಇಸ್ರೇಲಿ ಸೇನೆಯ ಬಳಿ ಇವೆ. ಅವನ್ನು ಬಿಡುಗಡೆ ಮಾಡಿಸಲು ‘ಹಾರೆಟ್ಝ್’ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2010ರಲ್ಲಿ ತಳ್ಳಿಹಾಕಿತು.

ಹೈಫಾ ವಿಶ್ವವಿದ್ಯಾಲಯದಲ್ಲಿ ನೆನಪುಗಳನ್ನು ಆಧರಿಸಿ ಬರೆದ ಒಂದು ಎಂ.ಎ. ಪ್ರಬಂಧ ನ್ಯಾಯಾಲಯದ ಮೆಟ್ಟಿಲೇರಿತು. 1948ರ ಮೇ ತಿಂಗಳಲ್ಲಿ ಸಮುದ್ರ ತೀರದ ತಂತೂರಾ ಹಳ್ಳಿ ಶರಣಾದ ಮೇಲೆ ಅನೇಕರನ್ನು ಕೊಲ್ಲಲಾಯಿತೆಂದು ವಿದ್ಯಾರ್ಥಿ ಟೆಡ್ಡಿ ಕಾಟ್ಜ್, ಅರಬರನ್ನೂ ಅಲ್ಲಿ ಕಾದಾಡಿದ ಯಹೂದಿ ಸೈನಿಕರನ್ನೂ ಮಾತಾಡಿಸಿ ಬರೆದಿದ್ದರು. ಪ್ರಬಂಧಕ್ಕೆ ಮೊದಲು ಬಹಳ ಹೆಚ್ಚಿನ ಅಂಕ ಸಿಕ್ಕಿತು. 2000ದ ಜನವರಿಯಲ್ಲಿ ಪತ್ರಿಕೆಯೊಂದು ಅದನ್ನು ಸುದ್ದಿ ಮಾಡಿದಾಗ ಅಲ್ಲಿ ಕಾದಾಡಿದ್ದ ತುಕಡಿಯ ಮಾಜಿ ಸೈನಿಕರು ಮಾನನಷ್ಟ ಮೊಕದ್ದಮೆ ಹೂಡಿದರು. ವಿಚಾರಣೆಯ ನಡುವೆ ಕಾಟ್ಜ್ ತಮ್ಮ ಮಾತು ಹಿಂತೆಗೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿದರು, ಕೂಡಲೇ ಆ ಸಹಿಗೆ ಪಶ್ಚಾತ್ತಾಪಪಟ್ಟರು, ಕೋರ್ಟು ಒಪ್ಪಲಿಲ್ಲ. ಧ್ವನಿಮುದ್ರಣಕ್ಕೂ ಬರಹಕ್ಕೂ ಕೆಲವೆಡೆ ಹೊಂದಾಣಿಕೆ ಇರಲಿಲ್ಲವೆಂಬುದು ನಿಜ. ವಿಶ್ವವಿದ್ಯಾಲಯ ಕೊನೆಗೆ ಪ್ರಬಂಧವನ್ನು ತಿರಸ್ಕರಿಸಿತು. ಅಲ್ಲಿ ಎಷ್ಟು ಜನ ಹೇಗೆ ಸತ್ತರೆಂದು ಇತಿಹಾಸಕಾರರು ಇನ್ನೂ ವಾದಿಸುತ್ತಾರೆ. ಆದರೆ 2022ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ತೊಂಬತ್ತು ದಾಟಿದ ಕೆಲವು ಮಾಜಿ ಸೈನಿಕರು ಕ್ಯಾಮೆರಾ ಎದುರು ಕೊಲೆಗಳನ್ನು ಒಪ್ಪಿಕೊಂಡರು. ಕಾಟ್ಜ್ ಪರ ನಿಂತಿದ್ದ ಪಪ್ಪೆ ಅಷ್ಟರಲ್ಲಿ ಹೈಫಾ ಬಿಟ್ಟು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯ ಸೇರಿ ವರ್ಷಗಳಾಗಿದ್ದವು.

ತೆರೆದ ಕಡತಗಳೂ ಸುರಕ್ಷಿತವಲ್ಲ. ಇಸ್ರೇಲಿನ ರಕ್ಷಣಾ ಸಚಿವಾಲಯದ ‘ಮಲ್ಮಾಬ್’ ಎಂಬ ಭದ್ರತಾ ವಿಭಾಗದವರು 2000ದ ದಶಕದಿಂದ ಪತ್ರಾಗಾರಗಳಿಗೆ ಹೋಗಿ, ಮೊದಲೇ ಸಾರ್ವಜನಿಕರಿಗೆ ಮುಕ್ತವಾಗಿದ್ದ ನೂರಾರು ಕಾಗದಗಳನ್ನು ಮತ್ತೆ ಬೀಗದೊಳಗೆ ಇಡಿಸುತ್ತಿದ್ದಾರೆಂದು ‘ಹಾರೆಟ್ಝ್’ 2019ರ ಜುಲೈಯಲ್ಲಿ ಬಯಲಿಗೆಳೆಯಿತು. ಮೋರಿಸ್ 1986ರಲ್ಲಿ ಪ್ರಕಟಿಸಿದ ಆ ಗುಪ್ತಚರ ವರದಿಯೂ ಅವುಗಳಲ್ಲಿ ಒಂದು. ಮೂಲ ಕಾಗದ ಸಿಗದಿದ್ದರೆ ನಿರಾಶ್ರಿತರ ಕುರಿತ ಸಂಶೋಧನೆಯ ನಂಬಿಕೆಯೇ ಸಡಿಲವಾಗುತ್ತದೆ ಎಂಬ ಲೆಕ್ಕಾಚಾರ ಇದರ ಹಿಂದಿತ್ತೆಂದು ವಿಭಾಗದ ಮಾಜಿ ಮುಖ್ಯಸ್ಥರು ಪತ್ರಿಕೆಗೆ ಒಪ್ಪಿಕೊಂಡರು. ಸರ್ಕಾರವೊಂದು ತನ್ನ ಇತಿಹಾಸಕಾರರ ಕಾಲಡಿಯ ನೆಲವನ್ನೇ ತೆಗೆಯಲು ಹೊರಟದ್ದು ಆತಂಕದ ಸಂಗತಿ. ಅದನ್ನು ಪತ್ತೆಹಚ್ಚಿದವರು ಇಸ್ರೇಲಿನ ಪತ್ರಕರ್ತರು, ಇಸ್ರೇಲಿನ ಸಂಶೋಧಕರು ಎಂಬುದನ್ನೂ ಹೇಳಲೇಬೇಕು.

ಸಾಕ್ಷ್ಯ ಇಷ್ಟು ಇದ್ದರೂ ಜನ ಏಕೆ ಒಪ್ಪುವುದಿಲ್ಲ? ಇದಕ್ಕೆ ಉತ್ತರ ಹುಡುಕುವುದು ಮನಃಶಾಸ್ತ್ರದ ಕೆಲಸ. 1982ರಲ್ಲಿ ಬೈರೂತಿನಲ್ಲಿ ಪ್ಯಾಲೆಸ್ಟೀನಿಯರು ನೆಲೆಸಿದ್ದ ಸಬ್ರಾ ಮತ್ತು ಶತಿಲಾದಲ್ಲಿ ನಡೆದ ಹತ್ಯಾಕಾಂಡದ ಟೀವಿ ಸುದ್ದಿಗಳನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ತೋರಿಸಲಾಯಿತು. ತುಣುಕುಗಳು ಎಲ್ಲರಿಗೂ ಅವೇ. ಇಸ್ರೇಲ್ ಪರ ಇದ್ದವರಿಗೆ ಅವು ಇಸ್ರೇಲ್ ವಿರೋಧಿಯಾಗಿ ಕಂಡವು, ಅರಬ್ ಪರ ಇದ್ದವರಿಗೆ ಅರಬ್ ವಿರೋಧಿಯಾಗಿ. 1985ರಲ್ಲಿ ಪ್ರಕಟವಾದ ಈ ಅಧ್ಯಯನ ಮಾಧ್ಯಮಶಾಸ್ತ್ರದ ಪಠ್ಯಗಳಲ್ಲಿ ಸ್ಥಾನ ಪಡೆದಿದೆ. 2002ರಲ್ಲಿ ಇಫಾತ್ ಮಾವೊಜ್ ಮತ್ತು ಸಂಗಡಿಗರು ಇನ್ನೊಂದನ್ನು ತೋರಿಸಿದರು: ಇಸ್ರೇಲ್ ಸರ್ಕಾರವೇ ಮಂಡಿಸಿದ್ದ ಶಾಂತಿ ಪ್ರಸ್ತಾವನೆಯನ್ನು ಪ್ಯಾಲೆಸ್ಟೀನಿಯರದೆಂದು ಹೇಳಿ ಓದಿಸಿದಾಗ ಇಸ್ರೇಲಿ ಯಹೂದಿಗಳಿಗೆ ಅದು ಅಷ್ಟಾಗಿ ರುಚಿಸಲಿಲ್ಲ.

ಇನ್ನೂ ಆಳಕ್ಕೆ ಹೋದದ್ದು ಜೆರೆಮಿ ಗಿಂಜಸ್, ಸ್ಕಾಟ್ ಅಟ್ರಾನ್, ಡಗ್ಲಸ್ ಮೆಡಿನ್ ಮತ್ತು ರಾಮಲ್ಲಾದ ಖಲೀಲ್ ಶಿಕಾಕಿ 2007ರಲ್ಲಿ ಪ್ರಕಟಿಸಿದ ಅಧ್ಯಯನ. ಪಶ್ಚಿಮ ದಂಡೆ ಮತ್ತು ಗಾಜಾದ ಸುಮಾರು 600 ಯಹೂದಿ ವಸಾಹತಿಗರು, 500ಕ್ಕೂ ಹೆಚ್ಚು ಪ್ಯಾಲೆಸ್ಟೀನಿ ನಿರಾಶ್ರಿತರು, 700ಕ್ಕೂ ಹೆಚ್ಚು ಪ್ಯಾಲೆಸ್ಟೀನಿ ವಿದ್ಯಾರ್ಥಿಗಳ ಮುಂದೆ ಕಾಲ್ಪನಿಕ ಒಪ್ಪಂದಗಳನ್ನು ಇಡಲಾಯಿತು. ನೆಲ, ಜೆರುಸಲೆಮ್, ನಿರಾಶ್ರಿತರು ತಮ್ಮ 1948ರ ಊರುಗಳಿಗೆ ಮರಳುವ ಹಕ್ಕು ಇವುಗಳನ್ನು ಪವಿತ್ರವೆಂದು ಭಾವಿಸಿದವರಿಗೆ ಒಪ್ಪಂದದ ಜೊತೆ ದೊಡ್ಡ ಮೊತ್ತದ ಹಣ ಕೊಡುತ್ತೇವೆಂದರೆ ಕೋಪ ಏರಿತು, ಹಿಂಸೆಗೆ ಬೆಂಬಲವೂ ಏರಿತು. ಎದುರು ಪಕ್ಷ ತನಗೆ ಪ್ರಿಯವಾದ ಒಂದು ಹಕ್ಕನ್ನು ಬಿಟ್ಟುಕೊಡುತ್ತದೆ, ನಿಮ್ಮ ನೋವನ್ನು ಬಾಯಿಬಿಟ್ಟು ಒಪ್ಪಿಕೊಳ್ಳುತ್ತದೆ ಎಂದಾಗ ಕೋಪ ಇಳಿಯಿತು.

ಇದು ಬರೀ ಪ್ರಶ್ನಾವಳಿಯ ಮಾತಲ್ಲವೆಂದು ಶಿಕಾಕಿ ಅದಕ್ಕೂ ಮೊದಲೇ ಅನುಭವಿಸಿ ತಿಳಿದಿದ್ದರು. 2003ರಲ್ಲಿ ಪಶ್ಚಿಮ ದಂಡೆ, ಗಾಜಾ, ಜೋರ್ಡಾನ್, ಲೆಬನಾನ್‌ಗಳ ಸುಮಾರು 4,500 ನಿರಾಶ್ರಿತ ಕುಟುಂಬಗಳನ್ನು ಅವರು ಸಮೀಕ್ಷೆ ಮಾಡಿದರು. ಮರಳುವ ಹಕ್ಕನ್ನು ಇಸ್ರೇಲ್ ತಾತ್ವಿಕವಾಗಿ ಒಪ್ಪಲೇಬೇಕು ಎಂದವರು ಶೇ. 95ಕ್ಕೂ ಹೆಚ್ಚು. ಒಪ್ಪಿದರೆ ಇಸ್ರೇಲಿಗೆ ಹೋಗಿ ನೆಲೆಸುತ್ತೇವೆ ಎಂದವರು ಸುಮಾರು ಶೇ. 10 ಮಾತ್ರ. ಎಷ್ಟೋ ಸಂಧಾನಕಾರರು ಗಂಟೆಗಟ್ಟಲೆ ಕೂತು ಬಿಡಿಸಲಾರದ ಗಂಟಿಗೆ ಇದರಲ್ಲೊಂದು ಎಳೆ ಇತ್ತು. ಫಲಿತಾಂಶ ಪ್ರಕಟಿಸುವ ದಿನ ಅವರ ಕಚೇರಿಗೆ ಗುಂಪೊಂದು ನುಗ್ಗಿತು, ಅವರ ಮೇಲೆ ಮೊಟ್ಟೆ ತೂರಿತು. ಮರಳುವ ಹಕ್ಕನ್ನೇ ಮಾರಿದರೆಂಬುದು ಆರೋಪ. ಅವರು ಸಮೀಕ್ಷೆ ನಿಲ್ಲಿಸಲಿಲ್ಲ.

ಶಾಲೆಯ ಮಕ್ಕಳ ಕೈಗೆ ಈ ಜ್ಞಾನ ತಲುಪಿಸುವ ಯತ್ನವೂ ನಡೆಯಿತು. ಬೆನ್ ಗುರಿಯನ್ ವಿಶ್ವವಿದ್ಯಾಲಯದ ಡಾನ್ ಬಾರ್–ಆನ್ ಮತ್ತು ಬೆತ್ಲೆಹೆಮ್ ವಿಶ್ವವಿದ್ಯಾಲಯದ ಸಾಮಿ ಅದ್ವಾನ್ ಎರಡೂ ಕಡೆಯ ಅಧ್ಯಾಪಕರನ್ನು ಕೂಡಿಸಿ ಇತಿಹಾಸದ ಪಠ್ಯ ಬರೆಸಿದರು. ಪುಟದ ಒಂದು ಬದಿಗೆ ಇಸ್ರೇಲಿಗಳ ನಿರೂಪಣೆ, ಇನ್ನೊಂದು ಬದಿಗೆ ಪ್ಯಾಲೆಸ್ಟೀನಿಯರದು, ನಡುವೆ ವಿದ್ಯಾರ್ಥಿ ಬರೆಯಲು ಖಾಲಿ ಸಾಲುಗಳು. ಎರಡನೇ ಇಂತಿಫಾದಾ ಎಂಬ ಪ್ಯಾಲೆಸ್ಟೀನಿ ದಂಗೆಯ ದಿನಗಳವು. ಬಸ್ಸುಗಳಲ್ಲಿ ಬಾಂಬ್ ಸಿಡಿಯುತ್ತಿದ್ದವು, ಪಶ್ಚಿಮ ದಂಡೆಯಲ್ಲಿ ಕರ್ಫ್ಯೂ. ಸಭೆಗೆ ಬರಲು ಪರವಾನಗಿ ಸಿಗದೆ ಅಧ್ಯಾಪಕರು ಪರದಾಡಿದರು. ಬಾರ್–ಆನ್ 2008ರಲ್ಲಿ ತೀರಿಕೊಂಡರು. 2010ರಲ್ಲಿ ಗಾಜಾ ಗಡಿಯ ಬಳಿಯ ಇಸ್ರೇಲಿ ಪ್ರೌಢಶಾಲೆಯೊಂದು ಈ ಪಠ್ಯ ಬಳಸುತ್ತಿದೆಯೆಂದು ತಿಳಿದ ಶಿಕ್ಷಣ ಸಚಿವಾಲಯ ಅದನ್ನು ನಿಲ್ಲಿಸಿತು. ಪ್ಯಾಲೆಸ್ಟೀನಿ ಶಿಕ್ಷಣ ಸಚಿವಾಲಯವೂ ತನ್ನ ಶಾಲೆಗಳಿಗೆ ಅದನ್ನು ಸೇರಿಸಲಿಲ್ಲ. ಎರಡೂ ಸರ್ಕಾರಗಳು ಒಮ್ಮತಕ್ಕೆ ಬಂದ ಅಪರೂಪದ ವಿಷಯ ಹದಿಹರೆಯದವರಿಂದ ಒಂದು ಪುಸ್ತಕವನ್ನು ದೂರವಿಡುವುದಾಗಿತ್ತು ಎಂಬುದು ದುಃಖದ ಮಾತು.

2023ರ ಅಕ್ಟೋಬರ್ 7ರ ನಂತರ ಈ ಸಂಘರ್ಷದ ಅಧ್ಯಯನದ ಭಾರವೆಲ್ಲ ಎಣಿಕೆಯ ಮೇಲೆ ಬಿದ್ದಿದೆ. ಅಂದು ಹಮಾಸ್ ಮತ್ತು ಇತರ ಗುಂಪುಗಳು ದಕ್ಷಿಣ ಇಸ್ರೇಲಿನ ಮೇಲೆ ದಾಳಿ ಮಾಡಿ 251 ಜನರನ್ನು ಒತ್ತೆಯಾಗಿ ಎಳೆದೊಯ್ದವು. ಸತ್ತವರು 1,400 ಎಂದು ಇಸ್ರೇಲ್ ಮೊದಲು ಹೇಳಿತ್ತು. ಶವಗಳ ಗುರುತು ಪತ್ತೆಯಾಗುತ್ತಾ ಕೆಲವು ದಾಳಿಕೋರರವೆಂದು ತಿಳಿದಾಗ ನವೆಂಬರಿನಲ್ಲಿ ಅದನ್ನು ಸುಮಾರು 1,200 ಎಂದು ತಾನೇ ತಿದ್ದಿತು. ಸತ್ತವರಲ್ಲಿ ಹಯೀಮ್ ಕಾಟ್ಸ್‌ಮನ್ ಎಂಬ 32 ವರ್ಷದ ವಿದ್ವಾಂಸರೂ ಇದ್ದರು. ಇಸ್ರೇಲಿನ ಧಾರ್ಮಿಕ ರಾಷ್ಟ್ರೀಯತೆಯ ಮೇಲೆ ಪಿಎಚ್‌.ಡಿ. ಮಾಡಿದ್ದ ಅವರನ್ನು ಹೋಲಿತ್ ಕಿಬ್ಬುಟ್ಸ್‌ನಲ್ಲಿ ಕೊಲ್ಲಲಾಯಿತು. ಗಾಜಾದ ಇಸ್ಲಾಮಿಕ್ ವಿಶ್ವವಿದ್ಯಾಲಯದ ಮುಖ್ಯಸ್ಥ, ಭೌತಶಾಸ್ತ್ರಜ್ಞ ಸುಫಿಯಾನ್ ತಾಯಾ ಡಿಸೆಂಬರ್ 2ರಂದು ಇಸ್ರೇಲಿ ವೈಮಾನಿಕ ದಾಳಿಗೆ ಕುಟುಂಬದೊಂದಿಗೆ ಬಲಿಯಾದರು. ಗಾಜಾದ ಎಲ್ಲ ವಿಶ್ವವಿದ್ಯಾಲಯಗಳೂ ಯುದ್ಧದಲ್ಲಿ ಹಾಳಾದವು ಇಲ್ಲವೇ ನೆಲಸಮವಾದವು. ಗಾಜಾ ನಗರದ ಕೇಂದ್ರ ಪತ್ರಾಗಾರವೂ ನಾಶವಾಯಿತು.

ಗಾಜಾದ ಸಾವಿನ ಲೆಕ್ಕವನ್ನು ಅಲ್ಲಿನ ಆರೋಗ್ಯ ಸಚಿವಾಲಯ ಕೊಡುತ್ತದೆ. ಅದು ಹಮಾಸ್ ಆಡಳಿತದ ಅಡಿಯಲ್ಲಿರುವುದರಿಂದ ಲೆಕ್ಕ ಉಬ್ಬಿಸಿದ್ದೆಂದು ಎಷ್ಟೋ ಜನ ತಳ್ಳಿಹಾಕಿದರು. ಅದನ್ನು ಪರೀಕ್ಷಿಸಲು ಲಂಡನ್ನಿನ ಸಂಶೋಧಕರು ಬಳಸಿದ್ದು, ಕೆರೆಯಲ್ಲಿ ಮೀನೆಷ್ಟೆಂದು ಅಂದಾಜಿಸಲು ಒಮ್ಮೆ ಹಿಡಿದು ಗುರುತು ಹಾಕಿ ಬಿಟ್ಟು, ಮತ್ತೆ ಬಲೆ ಬೀಸಿದಾಗ ಗುರುತಿನ ಮೀನು ಎಷ್ಟು ಬಂತೆಂದು ನೋಡುವ ಹಳೆಯ ವಿಧಾನ. ಆಸ್ಪತ್ರೆಯ ಪಟ್ಟಿ, ಕುಟುಂಬಗಳು ಆನ್‌ಲೈನಿನಲ್ಲಿ ತುಂಬಿದ ಪಟ್ಟಿ, ಸಾಮಾಜಿಕ ಜಾಲತಾಣದ ಶ್ರದ್ಧಾಂಜಲಿಗಳು ಈ ಮೂರರಲ್ಲಿ ಯಾವ ಹೆಸರುಗಳು ಎಷ್ಟು ಕಡೆ ಬಂದಿವೆಯೆಂದು ಅವರು ಹೋಲಿಸಿದರು. 2024ರ ಜೂನ್ 30ರವರೆಗೆ ಗಾಯಗಳಿಂದ ಸತ್ತವರು ಸುಮಾರು 64,260 ಎಂದು 2025ರ ಜನವರಿಯ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಚಿವಾಲಯದ ಲೆಕ್ಕ ಆಗ 37,877 ಇತ್ತು. ಅಂದರೆ ಅದು ಉಬ್ಬಿಸಿದ ಲೆಕ್ಕವಲ್ಲ, ತೀರಾ ಕಡಿಮೆಯಾದ ಲೆಕ್ಕ.

ಆಮೇಲೆ ಇನ್ನೊಂದು ತಂಡ ಬೇರೆ ದಾರಿಯಿಂದ ಹೋಯಿತು. ಲಂಡನ್ನಿನ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪಾಗಟ್, ಇರಾಕ್ ಯುದ್ಧದ ಸಾವುಗಳನ್ನು ವಿಪರೀತ ಹೆಚ್ಚು ತೋರಿಸಿದ 2006ರ ಅಧ್ಯಯನವನ್ನು ಕಟುವಾಗಿ ಟೀಕಿಸಿ ಹೆಸರಾದವರು. ಅವರೂ ಶಿಕಾಕಿಯವರೂ ಕೂಡಿ, ಗಾಜಾದೊಳಗೆ 2,000 ಮನೆಗಳ ಸಮೀಕ್ಷೆ ನಡೆಸಿದರು. ಗುಡಾರಗಳಿಗೆ ಹೋಗಿ ಯುದ್ಧದ ಮೊದಲು ಮನೆಯಲ್ಲಿ ಯಾರಿದ್ದರು, ಈಗ ಯಾರಿದ್ದಾರೆ ಎಂದು ಕೇಳಿಸಿದರು. 2025ರ ಜನವರಿ ಮೊದಲ ವಾರದವರೆಗೆ ಹಿಂಸೆಯಿಂದ ಸತ್ತವರು ಸುಮಾರು 75,200 ಎಂಬುದು ಅವರ ಅಂದಾಜು. ಎರಡು ತಂಡ, ಎರಡು ವಿಧಾನ. ಎರಡೂ ಒಂದೇ ದಿಕ್ಕನ್ನು ತೋರಿಸಿದವು. ಸಚಿವಾಲಯದ ಪಟ್ಟಿಯಲ್ಲಿ ಹೆಸರು, ವಯಸ್ಸು, ಗುರುತಿನ ಸಂಖ್ಯೆ ಇರುವುದರಿಂದಲೇ ಇಂಥ ಪರಿಶೀಲನೆ ಸಾಧ್ಯವಾಯಿತು.

ಇನ್ನು ಮುಂದಿನ ಅಧ್ಯಯನಕ್ಕೆ ಏನು ಸಿಗಲಿದೆ? ಸೇನೆಯ ಕಡತಗಳಿಗೆ 50 ವರ್ಷಗಳ ನಿಯಮ ಹೀಗೇ ಉಳಿದರೆ ಅಕ್ಟೋಬರ್ 7ರಿಂದೀಚಿನ ಆದೇಶಗಳನ್ನು ಸಂಶೋಧಕರು ನೋಡುವುದು 2073ರ ಮೇಲೆ. ಅಲ್ಲಿಯವರೆಗೆ ಕಾಯಲಾಗದ ಕೆಲಸಗಳು ಈಗಲೇ ಆಗಬೇಕು. ಹೋಲಿತ್‌ನಂಥ ಊರುಗಳಲ್ಲಿ ಬದುಕುಳಿದವರ ಮಾತನ್ನೂ, ಗಾಜಾದ ಗುಡಾರಗಳಲ್ಲಿರುವವರ ಮಾತನ್ನೂ ನೆನಪು ಮಸುಕಾಗುವ ಮೊದಲು ದಾಖಲಿಸಬೇಕು. ಹೊರಗಿನ ಪತ್ರಕರ್ತರಿಗೆ, ವಿದ್ವಾಂಸರಿಗೆ ಗಾಜಾದೊಳಗೆ ಮುಕ್ತವಾಗಿ ಓಡಾಡಲು ಅವಕಾಶ ಬೇಕು. ಹೆಸರಿನ ಪಟ್ಟಿಗಳ ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ದೇಶಗಳ ಗ್ರಂಥಾಲಯಗಳಲ್ಲಿ ಇಡಬೇಕು. ಮಲ್ಮಾಬ್ ಮುಚ್ಚಿಸಿದ 1948ರ ಕಾಗದಗಳನ್ನು ಮತ್ತೆ ಓದುಗರಿಗೆ ಕೊಡಿಸಲು ಇಸ್ರೇಲಿನ ಇತಿಹಾಸಕಾರರು ಹೋರಾಡುತ್ತಿದ್ದಾರೆ. ಅವರ ಬೆನ್ನಿಗೆ ಜಗತ್ತಿನ ವಿಶ್ವವಿದ್ಯಾಲಯಗಳು, ನಮ್ಮವೂ ಸೇರಿ, ನಿಲ್ಲಬೇಕು.